ಚಿಟ್ಟೆಗಳಲ್ಲಿ ವರ್ಣಾನುಕರಣೆ: ಅಧ್ಯಯನದ ಇತಿಹಾಸ

ಹಕ್ಕಿಗಳಿಗೆ ರುಚಿಸದ ಅಥವಾ ಮೈಯಲ್ಲಿ ವಿಷವಿರುವ ಒಂದು ಪ್ರಭೇದದ ಚಿಟ್ಟೆಯನ್ನು ರೆಕ್ಕೆಯ ಬಣ್ಣದಲ್ಲೂ ಗುರುತುಗಳಲ್ಲೂ ಹಾರಾಟದ ರೀತಿಯಲ್ಲೂ ಹೋತು, ಅದರಿಂದಾಗಿ ಬೇರೊಂದು ಪ್ರಭೇದದ ಚಿಟ್ಟೆ ಬೇಟೆಯಿಂದ ಪಾರಾಗುವ ವಿದ್ಯಮಾನವೇ ವರ್ಣಾನುಕರಣೆ. ರುಚಿಸದ ಚಿಟ್ಟೆಯನ್ನು ಮಾದರಿಯೆಂದೂ ಅದನ್ನು ಹೋಲುವುದನ್ನು ಅನುಕಾರಿಯೆಂದೂ ಕರೆಯುವುದು ವಾಡಿಕೆ. ಅನುಕಾರಿ ತಾನಾಗಿ ಏನನ್ನೂ ನಟಿಸುವುದಿಲ್ಲ. ಮಾದರಿಯನ್ನು ಹೆಚ್ಚು ಹೋತವು ಉಳಿದು, ಕಡಿಮೆ ಹೋತವು ಹಕ್ಕಿಗಳ ಪಾಲಾಗಿ, ತಲೆಮಾರುಗಳಲ್ಲಿ ಹೋಲಿಕೆ ಗಟ್ಟಿಯಾಗುತ್ತ ಬರುತ್ತದೆ.

ಈ ವಿವರಣೆಯನ್ನು ಮೊದಲು ಮುಂದಿಟ್ಟವನು ಇಂಗ್ಲೆಂಡಿನ ಹೆನ್ರಿ ವಾಲ್ಟರ್ ಬೇಟ್ಸ್ (1825–1892). ಆಲ್ಫ್ರೆಡ್ ರಸೆಲ್ ವಾಲೆಸ್‌ನ ಜೊತೆಗೂಡಿ 1848ರಲ್ಲಿ ಅಮೆಜಾನ್ ಕಣಿವೆಗೆ ಹೋದ ಬೇಟ್ಸ್, ಕೀಟಗಳನ್ನು ಹಿಡಿದು ಸಂಗ್ರಾಹಕರಿಗೆ ಮಾರಿ ಜೀವನ ಸಾಗಿಸುತ್ತ ಹನ್ನೊಂದು ವರ್ಷ ಅಲ್ಲಿಯೇ ಉಳಿದನು. ಕಾಡಿನಲ್ಲಿ ನಿಧಾನವಾಗಿ, ಯಾರ ಭಯವೂ ಇಲ್ಲದಂತೆ ಗುಂಪುಗುಂಪಾಗಿ ಹಾರುವ ಹೆಲಿಕೋನಿಡ್ ಚಿಟ್ಟೆಗಳ ನಡುವೆ, ನೋಡಲು ಅವುಗಳಂತೆಯೇ ಇದ್ದರೂ ಬಿಳಿ ಚಿಟ್ಟೆಗಳ ಕುಟುಂಬಕ್ಕೆ ಸೇರಿದ ಕೆಲವು ಚಿಟ್ಟೆಗಳು ಅವನ ಬಲೆಗೆ ಬೀಳುತ್ತಿದ್ದವು. ಹಾರುವಾಗ ಇವೆರಡನ್ನು ಬೇರ್ಪಡಿಸಲು ಅವನ ಪಳಗಿದ ಕಣ್ಣಿಗೂ ಆಗುತ್ತಿರಲಿಲ್ಲ. ಕೈಗೆ ಬಂದ ಮೇಲೆ ಹತ್ತಿರದಿಂದ ಪರೀಕ್ಷಿಸಿದಾಗಲಷ್ಟೇ ಗುಟ್ಟು ಬಯಲಾಗುತ್ತಿತ್ತು. 1861ರಲ್ಲಿ ಲಂಡನ್ನಿನ ಲಿನಿಯನ್ ಸೊಸೈಟಿಯಲ್ಲಿ ಓದಿ ಮರುವರ್ಷ ಅಚ್ಚಾದ ಪ್ರಬಂಧದಲ್ಲಿ ಅವನು, ಹೆಲಿಕೋನಿಡ್‌ಗಳು ಹಕ್ಕಿಗಳಿಗೆ ಬೇಡವಾದವುಗಳಾದ್ದರಿಂದ ಅವುಗಳ ವೇಷ ತೊಟ್ಟವಕ್ಕೂ ರಕ್ಷಣೆ ದೊರೆಯುತ್ತದೆಂದು ವಾದಿಸಿದನು. ನಿಸರ್ಗದ ಆಯ್ಕೆಯ ಸಿದ್ಧಾಂತ ಪ್ರಕಟವಾಗಿ ಮೂರೇ ವರ್ಷವಾಗಿದ್ದ ಆ ಹೊತ್ತಿನಲ್ಲಿ ಅದಕ್ಕೆ ಇಷ್ಟು ಸ್ಪಷ್ಟವಾದ ಸಾಕ್ಷ್ಯ ಬೇರೆಡೆ ಸಿಕ್ಕಿರಲಿಲ್ಲ; ಡಾರ್ವಿನ್ 1863ರಲ್ಲಿ ತಾನೇ ಅದರ ವಿಮರ್ಶೆ ಬರೆದು ಮೆಚ್ಚಿಕೊಂಡನು.

ಆದರೆ ಬೇಟ್ಸನ ವಿವರಣೆಯಲ್ಲಿ ಒಂದು ತೊಡಕು ಉಳಿದಿತ್ತು. ರುಚಿಸದ ಚಿಟ್ಟೆಗಳೇ ಒಂದನ್ನೊಂದು ಹೋಲುವುದೂ ಕಂಡುಬರುತ್ತಿತ್ತಲ್ಲದೆ, ಆಗಲೇ ರಕ್ಷಣೆಯಿರುವ ಚಿಟ್ಟೆಗೆ ಇನ್ನೊಂದರ ವೇಷ ಯಾಕೆ ಬೇಕೆಂಬುದಕ್ಕೆ ಉತ್ತರವಿರಲಿಲ್ಲ. ಬ್ರೆಜಿಲ್‌ನಲ್ಲಿ ನೆಲೆಸಿದ್ದ ಜರ್ಮನ್ ನಿಸರ್ಗವಿಜ್ಞಾನಿ ಫ್ರಿಟ್ಜ್ ಮುಲ್ಲರ್ 1878–79ರಲ್ಲಿ ಇದನ್ನು ಲೆಕ್ಕ ಹಾಕಿ ಬಿಡಿಸಿದನು: ಮರಿಹಕ್ಕಿಗಳು ಯಾವ ಬಣ್ಣದ ಚಿಟ್ಟೆ ಕಹಿಯೆಂಬುದನ್ನು ತಿಂದೇ ಕಲಿಯುವುದರಿಂದ, ಎರಡು ಕಹಿ ಪ್ರಭೇದಗಳಿಗೆ ಒಂದೇ ಗುರುತಿದ್ದರೆ ಆ ಪಾಠಕ್ಕೆ ತೆರಬೇಕಾದ ಬಲಿ ಎರಡರ ನಡುವೆ ಹಂಚಿಹೋಗುತ್ತದೆ. ಅಂದಿನಿಂದ ಮೊದಲ ಬಗೆಯನ್ನು ಬೇಟ್ಸ್ ಅನುಕರಣೆಯೆಂದೂ ಎರಡನೆಯದನ್ನು ಮುಲ್ಲರ್ ಅನುಕರಣೆಯೆಂದೂ ಕರೆಯುತ್ತಾರೆ.

ಮುಂದಿನ ಚರ್ಚೆಯ ಬಹುಭಾಗವನ್ನು ಹೊತ್ತದ್ದು ದಕ್ಷಿಣ ಏಷ್ಯಾದ ಸಾಮಾನ್ಯ ಚಿಟ್ಟೆಗಳಲ್ಲೊಂದು. ಕರ್ನಾಟಕದ ಹಿತ್ತಲುಗಳಲ್ಲಿ ನಿಂಬೆ, ಕರಿಬೇವಿನ ಎಲೆಗಳ ಮೇಲೆ ಮೊಟ್ಟೆಯಿಡುವ ಕಾಮನ್ ಮಾರ್ಮನ್ ಚಿಟ್ಟೆಯ ಗಂಡಿಗೆ ಒಂದೇ ರೂಪವಿದ್ದರೆ, ಹೆಣ್ಣಿಗೆ ಮೂರು: ಒಂದು ಗಂಡಿನಂತೆಯೇ ಇದೆ, ಇನ್ನೊಂದು ಕಾಮನ್ ರೋಸ್ ಚಿಟ್ಟೆಯನ್ನೂ ಮತ್ತೊಂದು ಕ್ರಿಮ್ಸನ್ ರೋಸ್ ಚಿಟ್ಟೆಯನ್ನೂ ಹೋಲುತ್ತವೆ. ರೋಸ್ ಚಿಟ್ಟೆಗಳ ಮರಿಹುಳುಗಳು ಈಶ್ವರಿ ಬಳ್ಳಿಯನ್ನೂ ಅದರ ಜಾತಿಯ ಇತರ ಬಳ್ಳಿಗಳನ್ನೂ ತಿಂದು ಬೆಳೆಯುವುದರಿಂದ ಬಳ್ಳಿಯ ವಿಷ ಅವುಗಳ ಮೈಯಲ್ಲೂ ಉಳಿಯುತ್ತದೆ. ಅನುಕಾರಿ ಹೆಣ್ಣಿನ ಹಿಂರೆಕ್ಕೆಯ ಕೆಂಪು ಚುಕ್ಕೆಗಳು ಅಷ್ಟು ನಿಖರವಾಗಿದ್ದರೂ ಅದರ ದೇಹ ಮಾತ್ರ ಕಪ್ಪು. ಮಾದರಿಯ ತಲೆಯೂ ಹೊಟ್ಟೆಯೂ ಕೆಂಪು. ಹೂವಿನ ಮೇಲೆ ಕುಳಿತದ್ದನ್ನು ಗುರುತಿಸಲು ಇದಕ್ಕಿಂತ ಸುಲಭವಾದ ದಾರಿಯಿಲ್ಲ.

ಮಲಯ ದ್ವೀಪಸಮೂಹದಿಂದ ಮರಳಿದ್ದ ವಾಲೆಸ್ 1865ರಲ್ಲಿ ಈ ಬಹುರೂಪತೆಯನ್ನು ಚರ್ಚಿಸಿ, ಮೊಟ್ಟೆಗಳ ಭಾರ ಹೊತ್ತು ನಿಧಾನವಾಗಿ ಹಾರುವ, ಮೊಟ್ಟೆಯಿಡಲು ಹೆಚ್ಚು ಕಾಲ ಬದುಕಬೇಕಾದ ಹೆಣ್ಣಿಗೇ ರಕ್ಷಣೆಯ ಅಗತ್ಯ ಹೆಚ್ಚೆಂದು ಹೇಳಿದನು. ಗಂಡು ಯಾಕೆ ಬದಲಾಗಲಿಲ್ಲವೆಂಬುದಕ್ಕೆ ಥಾಮಸ್ ಬೆಲ್ಟ್ 1874ರಲ್ಲಿ ಕೊಟ್ಟ ಉತ್ತರ, ಹೆಣ್ಣು ಹಳೆಯ ರೂಪದ ಗಂಡನ್ನೇ ಆಯ್ದುಕೊಳ್ಳುತ್ತದೆ ಎಂಬುದು.

ಇಷ್ಟೆಲ್ಲ ವಾದಗಳ ನಡುವೆ ಹಕ್ಕಿಗಳನ್ನು ಕೇಳಿದವರು ವಿರಳವಾಗಿದ್ದರು. ಕಲ್ಕತ್ತದ ಇಂಡಿಯನ್ ಮ್ಯೂಸಿಯಂನಲ್ಲಿದ್ದ ಫ್ರಾಂಕ್ ಫಿನ್ 1890ರ ದಶಕದ ನಡುವೆ ಹರಟೆಮಲ್ಲ ಮೊದಲಾದ ಹಕ್ಕಿಗಳಿಗೆ ಬಗೆಬಗೆಯ ಚಿಟ್ಟೆಗಳನ್ನು ಕೊಟ್ಟು ನೋಡಿ, ಕಾಮನ್ ರೋಸ್‌ನಂಥವನ್ನು ಅವು ಇತರ ಚಿಟ್ಟೆಗಳಿಗಿಂತ ಕಡಿಮೆ ಇಷ್ಟಪಡುತ್ತವೆಂದೂ, ಪ್ರತಿ ಹಕ್ಕಿಯೂ ತನ್ನ ಅನುಭವದಿಂದಲೇ ಕಲಿತು ಅದನ್ನು ಚೆನ್ನಾಗಿ ನೆನಪಿಡುತ್ತದೆಂದೂ ತೋರಿಸಿದನು. ಮುಲ್ಲರನ ಲೆಕ್ಕ ನಿಂತಿದ್ದೇ ಈ ಊಹೆಯ ಮೇಲೆ ಎಂಬುದನ್ನು ಗಮನಿಸಿದರೆ ಫಿನ್‌ನ ಕೆಲಸಕ್ಕೆ ಸಿಗಬೇಕಾದಷ್ಟು ಹೆಸರು ಸಿಕ್ಕಿಲ್ಲವೆನ್ನಬೇಕು. ಅಮೆರಿಕದಲ್ಲಿ ಜೇನ್ ವ್ಯಾನ್ ಝಾಂಟ್ ಬ್ರೋವರ್ 1958ರಲ್ಲಿ ಇಂಥ ಪ್ರಯೋಗಗಳನ್ನು ಕಟ್ಟುನಿಟ್ಟಾಗಿ ನಡೆಸಿದಳು. ಆಮೇಲೆ ಲಿಂಕನ್ ಬ್ರೋವರ್ ಮತ್ತು ಸಂಗಡಿಗರು, ಎಲೆಕೋಸಿನ ಮೇಲೆ ಬೆಳೆಸಿದ ಮೊನಾರ್ಕ್ ಚಿಟ್ಟೆಯನ್ನು ನೀಲಿ ಜೇ ಹಕ್ಕಿಗಳು ತೊಂದರೆಯಿಲ್ಲದೆ ತಿನ್ನುತ್ತವೆಂದೂ, ವಿಷಯುಕ್ತ ಹಾಲುಗಿಡದ ಮೇಲೆ ಬೆಳೆದದ್ದನ್ನು ತಿಂದರೆ ವಾಂತಿ ಮಾಡಿಕೊಳ್ಳುತ್ತವೆಂದೂ ತೋರಿಸಿದ್ದರಿಂದ, ಕಹಿಯ ಮೂಲ ಮರಿಹುಳು ತಿಂದ ಗಿಡವೆಂಬುದು ಖಚಿತವಾಯಿತು. ಮೊನಾರ್ಕ್‌ನ ಬೇಟ್ಸ್ ಅನುಕಾರಿಯೆಂದು ಪಠ್ಯಪುಸ್ತಕಗಳಲ್ಲೆಲ್ಲ ಕಾಣಿಸುತ್ತಿದ್ದ ವೈಸ್‌ರಾಯ್ ಚಿಟ್ಟೆಯೂ ರುಚಿಸದ್ದೇ ಎಂದು 1991ರಲ್ಲಿ ತಿಳಿದುಬಂದು ಆ ಪ್ರಸಿದ್ಧ ಉದಾಹರಣೆ ಮುಲ್ಲರ್ ಕಡೆಗೆ ಸರಿಯಿತು.

ಆನುವಂಶಿಕತೆಯ ಪ್ರಶ್ನೆ ಬೇರೊಂದು ದಾರಿಯಲ್ಲಿ ಬೆಳೆಯಿತು. ಸಿಲೋನಿನಲ್ಲಿ ಫ್ರಯರ್ ಕಾಮನ್ ಮಾರ್ಮನ್‌ಗಳನ್ನು ಸಾಕಿ, ಹೆಣ್ಣಿನ ರೂಪಗಳು ಮೆಂಡೆಲ್‌ನ ನಿಯಮದಂತೆಯೇ ತಲೆಮಾರಿಗೆ ಇಳಿಯುತ್ತವೆಂದು 1910ರ ದಶಕದಲ್ಲಿ ತೋರಿಸಿದನು. ಇದನ್ನಾಧರಿಸಿ ಆರ್. ಸಿ. ಪನ್ನೆಟ್ 1915ರ ತನ್ನ ಪುಸ್ತಕದಲ್ಲಿ ಅನುಕಾರಿ ರೂಪ ಒಂದೇ ಹಠಾತ್ ಬದಲಾವಣೆಯಿಂದ ಹುಟ್ಟಿತೆಂದನು, ಆರ್. ಎ. ಫಿಶರ್ ಅದನ್ನು ಒಪ್ಪದೆ, ಸಣ್ಣಪುಟ್ಟ ಮಾರ್ಪಾಡುಗಳಿಂದ ಹೋಲಿಕೆ ಮೆಲ್ಲಗೆ ತಿದ್ದಿಕೊಳ್ಳುತ್ತದೆಂದು ವಾದಿಸಿದನು. ಶತಮಾನದ ಎರಡನೆಯ ಅರ್ಧದಲ್ಲಿ ಲಿವರ್‌ಪೂಲಿನ ವೈದ್ಯ ಸಿರಿಲ್ ಕ್ಲಾರ್ಕ್ ಮತ್ತು ಫಿಲಿಪ್ ಶೆಪರ್ಡ್ ಈ ಚಿಟ್ಟೆಗಳ ತಳಿಗಳನ್ನು ಬೆರೆಸಿ, ಬಾಲ, ಬಣ್ಣ, ಚುಕ್ಕೆಗಳನ್ನು ನಿಯಂತ್ರಿಸುವ ಹಲವು ಜೀನುಗಳು ಒತ್ತಾಗಿ ಅಂಟಿಕೊಂಡು ಒಟ್ಟಿಗೇ ಸಾಗುವ ಮಹಾಜೀನಿನ ಕಲ್ಪನೆಯನ್ನು ಬೆಳೆಸಿದರು. ನವಜಾತ ಶಿಶುಗಳ ಆರ್‌ಎಚ್ ರಕ್ತರೋಗವನ್ನು ತಡೆಯುವ ಚುಚ್ಚುಮದ್ದಿನ ಸಂಶೋಧನೆಗೆ ಕ್ಲಾರ್ಕ್ ಹೊರಳಿದ್ದೂ ಈ ಚಿಟ್ಟೆ ಕೆಲಸದ ಬೆನ್ನಿಗೇ.

ಮಾರ್ಮನ್‌ನ ಜೀನು ಯಾವುದೆಂಬುದು ಗೊತ್ತಾದದ್ದು 2014ರಲ್ಲಿ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಕೃಷ್ಣಮೇಘ ಕುಂಟೆ ಮತ್ತು ಶಿಕಾಗೋ ವಿಶ್ವವಿದ್ಯಾಲಯದ ಮಾರ್ಕಸ್ ಕ್ರಾನ್‌ಫಾರ್ಸ್ಟ್ ತಂಡ, ಇಡೀ ಅನುಕಾರಿ ರೂಪವನ್ನು ನಿಯಂತ್ರಿಸುವುದು ಡಬಲ್‌ಸೆಕ್ಸ್ ಎಂಬ ಒಂದೇ ಜೀನೆಂದು 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿತು. ಕೀಟಗಳಲ್ಲಿ ಗಂಡು ಹೆಣ್ಣಿನ ದೇಹಭೇದವನ್ನು ನಿರ್ಧರಿಸುವ ಜೀನಿದು. ಅನುಕಾರಿ ಹೆಣ್ಣುಗಳಲ್ಲಿ ಆ ಭಾಗದ ವರ್ಣತಂತು ತಿರುವುಮುರುವಾಗಿರುವುದರಿಂದ ಹಳೆಯ ಪ್ರತಿಯೊಡನೆ ಅದು ಬೆರೆಯಲಾರದು. ಹೀಗಾಗಿ ಅರೆಬರೆ ಹೋಲಿಕೆಯ ಹೆಣ್ಣುಗಳು ಹುಟ್ಟುವುದಿಲ್ಲ. ಒಂದೇ ಜೀನಿನಿಂದ ಇಡೀ ರೂಪ ಬದಲಾಗುವುದರಲ್ಲಿ ಪನ್ನೆಟ್‌ಗೆ ಅರ್ಧ ಗೆಲುವು ಸಿಕ್ಕಂತಾದರೂ, ಆ ಜೀನಿನೊಳಗೇ ಅನೇಕ ಸಣ್ಣ ಬದಲಾವಣೆಗಳು ಕೂಡಿಬಂದಿರುವುದರಿಂದ ಫಿಶರ್‌ನನ್ನೂ ಕೈಬಿಡುವಂತಿಲ್ಲ.