ಮದುವೆಗೆ ಮುನ್ನ ಒಂದು ಅರ್ಜಿ



ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ದೂರವಾಣಿ ಮಾಡಿದ್ದಳು. "ಸಾರ್, ಸ್ಪೆಷಲ್ ಮ್ಯಾರೇಜ್ ಆಕ್ಟಿನಲ್ಲಿ ಮದುವೆ ಆಗ್ತಾ ಇದೀನಿ. ಅರ್ಜಿ ಕೊಟ್ಟಾಯ್ತು. ಮೂವರು ಸಾಕ್ಷಿಗಳು ಬೇಕು. ತಾವೂ ಒಬ್ಬರು ಬರ್ತೀರಾ?" ಎಂದಳು. ಬರುತ್ತೇನೆ ಎಂದೆ. ಹುಡುಗ ಬೇರೆ ಧರ್ಮದವನು. ಇಬ್ಬರೂ ಮೂವತ್ತು ದಾಟಿದವರು, ಸ್ವಂತ ದುಡಿಮೆಯಲ್ಲಿರುವವರು. ಮಾತು ಮುಗಿಸುವ ಮುನ್ನ ಅವಳು ಕೇಳಿದಳು: "ಅಲ್ಲ ಸಾರ್, ಛತ್ರದಲ್ಲಿ ಮದುವೆ ಆಗೋರು ಮೊದಲೇ ಯಾವ ಕಚೇರಿಗೂ ಹೇಳಬೇಕಾಗಿಲ್ಲ. ನಮ್ಮ ಹೆಸರು, ವಿಳಾಸ ಮಾತ್ರ ಒಂದು ತಿಂಗಳು ಗೋಡೆ ಮೇಲೆ ಯಾಕಿರಬೇಕು?"

ಆ ಕ್ಷಣದಲ್ಲಿ ನನಗೆ ಸಮರ್ಪಕವಾಗಿ ಉತ್ತರಿಸಲಾಗಲಿಲ್ಲ. ಬಹುಕಾಲ ಇತಿಹಾಸ ಪಾಠ ಹೇಳಿದವನಿಗೆ ಅದು ಸಂಕೋಚದ ಸಂಗತಿಯೇ ಸರಿ. ಆದುದರಿಂದ ಸಾವಕಾಶವಾಗಿ ಇಲ್ಲಿ ಬರೆಯುತ್ತಿದ್ದೇನೆ. ಹೀಗೆ ಬರೆಯಲು ಇನ್ನೊಂದು ಕಾರಣವೂ ಉಂಟು. ಅದನ್ನು ಕೊನೆಯಲ್ಲಿ ಅರಿಕೆ ಮಾಡಿಕೊಳ್ಳುತ್ತೇನೆ.

ಸಬ್ ರಿಜಿಸ್ಟ್ರಾರ್ ಕಚೇರಿಯ ಗೋಡೆಯ ಮೇಲಿನ ಆ ಕಾಗದದ ಮೂಲವನ್ನು ಹುಡುಕುತ್ತ ಹೋದರೆ ನಾವು 1215ನೆಯ ಇಸವಿಯ ರೋಮ್ ನಗರಕ್ಕೆ ತಲುಪುತ್ತೇವೆ. ಪೋಪ್ ಮೂರನೆಯ ಇನೋಸೆಂಟ್ ಅಲ್ಲಿ ಕರೆದ ನಾಲ್ಕನೆಯ ಲ್ಯಾಟರನ್ ಧರ್ಮಸಭೆಯು ಗುಟ್ಟಿನ ಮದುವೆಗಳನ್ನು ನಿಷೇಧಿಸಿತು. ಮದುವೆಯಾಗಲಿರುವವರ ಹೆಸರನ್ನು ಪಾದ್ರಿಯು ಚರ್ಚಿನಲ್ಲಿ ಬಹಿರಂಗವಾಗಿ ಪ್ರಕಟಿಸಬೇಕು, ಅಡ್ಡಿಯೇನಾದರೂ ಇದ್ದರೆ ತಿಳಿದವರು ಬಂದು ಹೇಳಬೇಕು ಎಂದು ವಿಧಿಸಿತು. ವರನಿಗೆ ಬೇರೆಡೆ ಹೆಂಡತಿ ಇರುವಳೇ? ವಧೂವರರು ಮದುವೆಯಾಗಬಾರದಷ್ಟು ಹತ್ತಿರದ ರಕ್ತಸಂಬಂಧಿಗಳೇ? ಇದನ್ನು ತಿಳಿಯಲು ಇಂದಿನಂತೆ ದಾಖಲೆಗಳಿರಲಿಲ್ಲ. ಊರಿನವರ ನೆನಪೇ ದಾಖಲೆ ಪುಸ್ತಕ. ಆದುದರಿಂದ ಊರಿಗೆಲ್ಲ ಕೂಗಿ ಹೇಳುವುದೊಂದೇ ಉಪಾಯವಾಗಿತ್ತು.

ಇಂಗ್ಲೆಂಡಿನಲ್ಲಿ ಈ ಪ್ರಕಟಣೆ ಮೂರು ಭಾನುವಾರ ನಡೆಯುತ್ತಿತ್ತು. ಹಾಗೆ ಕೂಗಿಸಿಕೊಳ್ಳಲು ಇಷ್ಟವಿಲ್ಲದ ಅನುಕೂಲಸ್ಥರು ಹಣ ಕೊಟ್ಟು ಬಿಷಪ್ಪರ ಕಡೆಯಿಂದ ವಿನಾಯಿತಿ ಪತ್ರ ಪಡೆಯುತ್ತಿದ್ದರು. 'ಮ್ಯಾರೇಜ್ ಲೈಸೆನ್ಸ್' ಎಂಬ ಮಾತು ಹುಟ್ಟಿದ್ದೇ ಅಲ್ಲಿ. ಆದರೂ ಗುಟ್ಟಿನ ಮದುವೆಗಳು ನಿಲ್ಲಲಿಲ್ಲ. ಲಂಡನ್ನಿನ ಫ್ಲೀಟ್ ಸೆರೆಮನೆಯ ಸುತ್ತಮುತ್ತ ಸಾಲಗಾರ ಪಾದ್ರಿಗಳು ಕಾಸು ಪಡೆದು, ಪ್ರಶ್ನೆಗಳನ್ನೇ ಕೇಳದೆ ಮದುವೆ ಮಾಡಿಸುತ್ತಿದ್ದರು. ಬೇಕಾದರೆ ಹಿಂದಿನ ದಿನಾಂಕವನ್ನೂ ಹಾಕಿಕೊಡುತ್ತಿದ್ದರು. ಹೆಂಡತಿಯಿದ್ದವನು ಮತ್ತೊಬ್ಬಳನ್ನು ವಂಚಿಸುವುದಕ್ಕೂ, ಆಸ್ತಿವಂತರ ಮಗಳನ್ನು ಮರುಳುಮಾಡಿ ಒಯ್ಯುವುದಕ್ಕೂ ಇದು ರಾಜಮಾರ್ಗವಾಗಿತ್ತು.

ಇದನ್ನು ತಡೆಯಲು ಲಾರ್ಡ್ ಚಾನ್ಸಲರ್ ಹಾರ್ಡ್‌ವಿಕ್ 1753ರಲ್ಲಿ ಒಂದು ಕಾಯಿದೆ ತಂದನು. ಪ್ರಕಟಣೆ ಇಲ್ಲವೇ ಲೈಸೆನ್ಸ್, ಇವೆರಡರಲ್ಲಿ ಒಂದಿಲ್ಲದೆ ನಡೆದ ಮದುವೆ ಅಸಿಂಧು. ಹಾಗೆ ಮಾಡಿಸಿದ ಪಾದ್ರಿಗೆ 14 ವರ್ಷ ಗಡೀಪಾರು. ಇಪ್ಪತ್ತೊಂದು ತುಂಬದವರು ಲೈಸೆನ್ಸ್ ಪಡೆಯಲು ತಂದೆಯ ಅಥವಾ ಪೋಷಕರ ಒಪ್ಪಿಗೆ ಅಗತ್ಯ. ಚರ್ಚಿನ ಪ್ರಕಟಣೆಯಾದರೂ ಅವರು ಎದ್ದುನಿಂತು ಬೇಡವೆಂದರೆ ಅದು ರದ್ದು. ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ವಂಚನೆಯನ್ನು ತಡೆಯುವುದು ಮತ್ತು ಮಕ್ಕಳ ಆಯ್ಕೆಯನ್ನು ಹಿರಿಯರು ತಡೆಯುವುದು ಎರಡು ಬೇರೆ ಬೇರೆ ಉದ್ದೇಶಗಳು. ಈ ಕಾಯಿದೆಯಲ್ಲಿ ಅವೆರಡೂ ಒಂದೇ ಕಾಗದದ ಮೇಲೆ ಬಂದು ಕುಳಿತವು. ಸ್ಕಾಟ್ಲೆಂಡಿಗೆ ಈ ಕಾಯಿದೆ ಅನ್ವಯವಾಗುತ್ತಿರಲಿಲ್ಲ. ಆದ್ದರಿಂದ ಓಡಿಹೋಗುವ ಜೋಡಿಗಳು ಗಡಿ ದಾಟಿ ಗ್ರೆಟ್ನಾ ಗ್ರೀನ್ ಎಂಬ ಹಳ್ಳಿಯಲ್ಲಿ ಮದುವೆಯಾಗತೊಡಗಿದರು. ಮುಂದೆ 1836ರ ಕಾಯಿದೆಯಿಂದ ಚರ್ಚಿನ ಹೊರಗೆ, ಸರಕಾರಿ ರಿಜಿಸ್ಟ್ರಾರರ ಮುಂದೆ ಮದುವೆಯಾಗುವ ಅವಕಾಶ ಬಂದಿತು. ಚರ್ಚಿನ ಕೂಗು ಕಚೇರಿಯ ನೋಟೀಸಾಯಿತು.

ಇನ್ನು ನಮ್ಮ ದೇಶಕ್ಕೆ ಬರೋಣ. ಬಂಗಾಳದ ಬ್ರಹ್ಮಸಮಾಜದವರು ವಿಗ್ರಹಪೂಜೆಯನ್ನು ಬಿಟ್ಟು ತಮ್ಮದೇ ವಿಧಾನದಲ್ಲಿ ಮದುವೆಗಳನ್ನು ನಡೆಸುತ್ತಿದ್ದರು. ಕೇಶವಚಂದ್ರ ಸೇನರ ಬಳಗದಲ್ಲಿ ಜಾತಿ ಮೀರಿದ ಮದುವೆಗಳೂ ಆಗುತ್ತಿದ್ದವು. ಇಂತಹ ಮದುವೆಗೆ ಕಾನೂನಿನ ಮಾನ್ಯತೆ ಇದೆಯೇ, ಹುಟ್ಟಿದ ಮಕ್ಕಳಿಗೆ ಆಸ್ತಿಯ ಹಕ್ಕು ಸಿಕ್ಕೀತೇ ಎಂಬ ಸಂದೇಹ ಎದ್ದಿತು. ಕೇಶವಚಂದ್ರರು ಸರಕಾರದ ಮೊರೆ ಹೋದರು. 1868ರಲ್ಲಿ ಹೆನ್ರಿ ಮೇನ್ ಸಿದ್ಧಪಡಿಸಿದ ಮಸೂದೆ ಸಾಕಷ್ಟು ಉದಾರವಾಗಿತ್ತು. ಅದಕ್ಕೆ ವ್ಯಾಪಕ ವಿರೋಧ ಬಂದಿತು. ಬ್ರಾಹ್ಮರಿಗೆಂದೇ ಒಂದು ಕಾಯಿದೆ ಮಾಡೋಣವೆಂದರೆ, ದೇವೇಂದ್ರನಾಥ ಠಾಕೂರರ ಆದಿ ಬ್ರಹ್ಮಸಮಾಜದವರು ತಾವು ಹಿಂದೂಗಳೇ ಎಂದು ಅದನ್ನು ವಿರೋಧಿಸಿದರು. ಕೊನೆಗೆ 1872ರ ಮೂರನೆಯ ಕಾಯಿದೆ ಒಂದು ರಾಜಿಯಾಗಿ ಹೊರಬಂದಿತು. ಅದರಂತೆ ಮದುವೆಯಾಗುವವರು ತಾವು ಹಿಂದೂ, ಮುಸ್ಲಿಂ, ಕ್ರೈಸ್ತ, ಯಹೂದಿ, ಪಾರ್ಸಿ, ಬೌದ್ಧ, ಸಿಖ್, ಜೈನ ಧರ್ಮಗಳಲ್ಲಿ ಯಾವುದಕ್ಕೂ ಸೇರಿದವರಲ್ಲ ಎಂದು ಸಹಿ ಹಾಕಬೇಕಿತ್ತು. ಅಂದರೆ ಕೈ ಹಿಡಿಯಬೇಕಾದರೆ ಮೊದಲು ಧರ್ಮವನ್ನು ಬಿಡಬೇಕು!

ಇಂಗ್ಲೆಂಡಿನ ಆ ಹಳೆಯ ಕ್ರಮವೂ ಇದರೊಳಗೆ ಬಂದಿತು. ರಿಜಿಸ್ಟ್ರಾರರಿಗೆ ಲಿಖಿತ ನೋಟೀಸು, 14 ದಿನಗಳ ಕಾಯುವಿಕೆ, ಆಕ್ಷೇಪಣೆಗೆ ಅವಕಾಶ, ಮೂವರು ಸಾಕ್ಷಿಗಳು. ಇಪ್ಪತ್ತೊಂದಕ್ಕಿಂತ ಕಿರಿಯರಿಗೆ ತಂದೆಯ ಅಥವಾ ಪೋಷಕರ ಒಪ್ಪಿಗೆ. ವರನಿಗೆ ಕನಿಷ್ಠ 18, ವಧುವಿಗೆ 14 ವರ್ಷ. ಬಾಲ್ಯವಿವಾಹವೇ ವಾಡಿಕೆಯಾಗಿದ್ದ ಕಾಲದಲ್ಲಿ ಇದು ಸಣ್ಣ ಸಾಧನೆಯೇನೂ ಅಲ್ಲ. ಆದರೆ ಇತಿಹಾಸದ ವ್ಯಂಗ್ಯವನ್ನು ನೋಡಿ. ಈ ಕಾಯಿದೆಗಾಗಿ ಹೋರಾಡಿದ ಕೇಶವಚಂದ್ರರೇ 1878ರಲ್ಲಿ, ಇನ್ನೂ 14 ತುಂಬದ ತಮ್ಮ ಮಗಳು ಸುನೀತಿಯನ್ನು ಕೂಚ್ ಬಿಹಾರದ ಎಳೆಯ ಮಹಾರಾಜನಿಗೆ ಕೊಟ್ಟು ಮದುವೆ ಮಾಡಿದರು. ಮನನೊಂದ ಅನುಯಾಯಿಗಳು ಹೊರಬಂದು ಅದೇ ವರ್ಷ ಸಾಧಾರಣ ಬ್ರಹ್ಮಸಮಾಜವನ್ನು ಕಟ್ಟಿದರು. ಕಾಯಿದೆಯನ್ನು ಬೇಡಿ ತರುವುದಕ್ಕಿಂತ ಮನೆಯೊಳಗೆ ಅದನ್ನು ಪಾಲಿಸುವುದು ಎಷ್ಟು ಕಠಿಣ ಎಂಬುದಕ್ಕೆ ತರಗತಿಯಲ್ಲಿ ನಾನು ಈ ಉದಾಹರಣೆಯನ್ನೇ ಕೊಡುತ್ತಿದ್ದೆ.

1923ರಲ್ಲಿ ಹರಿಸಿಂಗ್ ಗೌರ್ ಅವರ ಪ್ರಯತ್ನದಿಂದ ತಿದ್ದುಪಡಿಯಾಗಿ ಹಿಂದೂ, ಬೌದ್ಧ, ಸಿಖ್, ಜೈನರು ಧರ್ಮ ತೊರೆಯದೆ ತಮ್ಮತಮ್ಮೊಳಗೆ ನೋಂದಣಿ ಮದುವೆಯಾಗಲು ಅವಕಾಶವಾಯಿತು. ಆದರೆ ಹಾಗೆ ಮದುವೆಯಾದವನು ಅವಿಭಕ್ತ ಕುಟುಂಬದಿಂದ ಬೇರ್ಪಟ್ಟಂತೆಯೇ ಲೆಕ್ಕ. ಅವನು ಒಬ್ಬನೇ ಮಗನಾಗಿದ್ದರೆ ತಂದೆ ಬೇರೊಬ್ಬನನ್ನು ದತ್ತು ತೆಗೆದುಕೊಳ್ಳಬಹುದಿತ್ತು. ಬದುಕಿರುವ ಮಗನನ್ನು ಕಾನೂನು ತೀರಿಹೋದವನಂತೆ ಎಣಿಸುತ್ತಿತ್ತು!

ಸ್ವಾತಂತ್ರ್ಯಾನಂತರ ಬಂದದ್ದು 1954ರ ವಿಶೇಷ ವಿವಾಹ ಕಾಯಿದೆ. ಅದು 1955ರ ಜನವರಿ 1ರಂದು ಜಾರಿಯಾಯಿತು. ಯಾವ ಧರ್ಮದವರು ಯಾವ ಧರ್ಮದವರನ್ನಾದರೂ, ತಮ್ಮ ಧರ್ಮದಲ್ಲಿದ್ದುಕೊಂಡೇ ವರಿಸಬಹುದು. ಗಂಡಿಗೆ 21, ಹೆಣ್ಣಿಗೆ 18 ವರ್ಷ ತುಂಬಿರಬೇಕು. ಇಬ್ಬರಲ್ಲಿ ಒಬ್ಬರಾದರೂ ಆ ಜಿಲ್ಲೆಯಲ್ಲಿ 30 ದಿನ ವಾಸವಾಗಿರಬೇಕು. ವಿವಾಹಾಧಿಕಾರಿಯು ನೋಟೀಸನ್ನು ಕಚೇರಿಯಲ್ಲಿ ಎದ್ದುಕಾಣುವಂತೆ ಅಂಟಿಸಬೇಕು. ಆಕ್ಷೇಪಣೆಗೆ 30 ದಿನ. ನೋಟೀಸು ಕೊಟ್ಟ ಮೂರು ತಿಂಗಳೊಳಗೆ ಮದುವೆ ನಡೆಯದಿದ್ದರೆ ಮತ್ತೆ ಹೊಸ ನೋಟೀಸು. ಹಿಂದೂಗಳಿಬ್ಬರು ಹೀಗೆ ಮದುವೆಯಾದರೆ ಅವಿಭಕ್ತ ಕುಟುಂಬದಿಂದ ಬೇರ್ಪಡುವ ನಿಯಮ ಅನ್ವಯಿಸದೆಂದು 1976ರಲ್ಲಿ ತಿದ್ದುಪಡಿಯಾಯಿತು.

ವಿದ್ಯಾರ್ಥಿನಿಯ ಪ್ರಶ್ನೆಗೆ ಉತ್ತರ ಇಲ್ಲಿದೆ. 1955ರ ಹಿಂದೂ ವಿವಾಹ ಕಾಯಿದೆ ಮುಂಗಡ ನೋಟೀಸನ್ನು ಕೇಳುವುದಿಲ್ಲ. ನೋಂದಣಿ ಮದುವೆಯ ಅನಂತರ. ಊರಿಗೆಲ್ಲ ಹಂಚುವ ಲಗ್ನಪತ್ರಿಕೆಯೇ ಅಲ್ಲಿ ನೋಟೀಸಿನ ಕೆಲಸವನ್ನು ಮಾಡುತ್ತದೆ ಎನ್ನಬಹುದು. ಲಗ್ನಪತ್ರಿಕೆ ಹಂಚುವ ಭಾಗ್ಯವಿಲ್ಲದವರ ಹೆಸರು ಗೋಡೆಗೆ ಹೋಗುತ್ತದೆ. ಆದರೆ ಆ ಗೋಡೆಯ ಮುಂದೆ ನಿಂತವರು ಯಾವ ಕಾರಣಕ್ಕೆ ಆಕ್ಷೇಪಿಸಬಹುದು? ಕಾಯಿದೆ ಎಣಿಸಿ ಹೇಳಿದೆ: ಜೀವಂತ ಪತಿ ಅಥವಾ ಪತ್ನಿ ಇರುವುದು, ಮದುವೆಗೆ ತಕ್ಕ ಮಾನಸಿಕ ಸ್ಥಿತಿ ಇಲ್ಲದಿರುವುದು, ವಯಸ್ಸು ತುಂಬದಿರುವುದು, ನಿಷಿದ್ಧ ರಕ್ತಸಂಬಂಧವಿರುವುದು. ಅಷ್ಟೇ. ಅದರಲ್ಲಿ ಜಾತಿಯಿಲ್ಲ, ಧರ್ಮವಿಲ್ಲ, ತಂದೆತಾಯಿಯರ ಅಸಮ್ಮತಿಯೂ ಇಲ್ಲ. 1753ರಲ್ಲಿಯೂ 1872ರಲ್ಲಿಯೂ ಇದ್ದ ಪೋಷಕರ ಒಪ್ಪಿಗೆಯ ಮಾತನ್ನು 1954ರಲ್ಲಿ ಬಿಡಲಾಯಿತು. ಆ ಒಪ್ಪಿಗೆಯೊಂದಿಗೆ ಹುಟ್ಟಿ ಬೆಳೆದ ನೋಟೀಸು ಮಾತ್ರ ಉಳಿಯಿತು. 14 ದಿನದ್ದು 30 ದಿನದ್ದಾಯಿತು.

ನ್ಯಾಯಾಲಯಗಳು ಇದನ್ನು ಗಮನಿಸದೆ ಇಲ್ಲ. 2017ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನವು ಮೂಲಭೂತ ಹಕ್ಕು ಎಂದು ಸಾರಿತು. ಆ ಮೊಕದ್ದಮೆಯನ್ನು ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಎಂಬುದು ಹೆಮ್ಮೆಯ ವಿಷಯ. ಇದೇ ತತ್ತ್ವದ ಮೇಲೆ 2021ರ ಜನವರಿಯಲ್ಲಿ ಅಲಹಾಬಾದ್ ಹೈಕೋರ್ಟು, ನೋಟೀಸಿನ ಪ್ರಕಟಣೆಯು ಮದುವೆಯಾಗುವವರ ಇಚ್ಛೆಗೆ ಬಿಟ್ಟದ್ದು ಎಂದು ತೀರ್ಪಿತ್ತಿತು. ಆದರೆ ಕಾಯಿದೆಯ ಪುಸ್ತಕದಲ್ಲಿ ಆ 30 ದಿನಗಳು ಹಾಗೆಯೇ ಇವೆ.

ಈಗ ಆ ಇನ್ನೊಂದು ಕಾರಣ. 1994ರಲ್ಲಿ ನನ್ನ ಮೊದಲ ತಂಡಗಳ ವಿದ್ಯಾರ್ಥಿನಿಯೊಬ್ಬಳು ಇದೇ ಕೋರಿಕೆಯೊಂದಿಗೆ ಮನೆಗೆ ಬಂದಿದ್ದಳು. ಅವಳಿಗಾಗ ಇಪ್ಪತ್ತಮೂರು. ನಾನು ಕಾಫಿ ಕೊಡಿಸಿ, "ಮೊದಲು ನಿಮ್ಮ ತಂದೆಯವರ ಒಪ್ಪಿಗೆ ತೊಗೊಂಡು ಬಾರಮ್ಮ, ಆಮೇಲೆ ಸಹಿ ಹಾಕ್ತೀನಿ" ಎಂದು ಕಳುಹಿಸಿಬಿಟ್ಟೆ. ಅವಳು ಮರುಮಾತಾಡದೆ ಎದ್ದುಹೋದಳು. ಆ ನೋಟೀಸನ್ನು ಯಾರೋ ಓದಿ ಅವಳ ಮನೆಗೆ ತಿಳಿಸಿದರೆಂದು ಆಮೇಲೆ ಕೇಳಿದೆ. ಆ ಮದುವೆ ನಡೆಯಲಿಲ್ಲ. ನಾನು ಸಹಿ ಹಾಕಿದ್ದರೆ ನಡೆಯುತ್ತಿತ್ತೋ ಇಲ್ಲವೋ ಹೇಳಲಾರೆ. ಆದರೆ ನಾನು ಅವಳಿಗೆ ಹಾಕಿದ ಷರತ್ತು ನಲವತ್ತು ವರ್ಷಗಳ ಹಿಂದೆಯೇ ಕಾಯಿದೆಯಿಂದ ಬಿಟ್ಟುಹೋಗಿತ್ತು. ತರಗತಿಯಲ್ಲಿ ಕಾಯಿದೆಯ ಇಸವಿಯನ್ನು ಬರೆಯಿಸಿದ ಮೇಷ್ಟ್ರು ಮನೆಯ ಜಗಲಿಯಲ್ಲಿ 1872ಕ್ಕೆ ಹಿಂದಿರುಗಿದ್ದನು. ಕೇಶವಚಂದ್ರರನ್ನು ಆಡಿಕೊಳ್ಳುವ ಅಧಿಕಾರ ನನಗೆಲ್ಲಿಯದು? ಈ ಸಾಲುಗಳನ್ನು ಅವಳು ಎಲ್ಲಿಯಾದರೂ ಓದುವಂತಾದರೆ, ನನ್ನನ್ನು ಕ್ಷಮಿಸಲಿ.

ತಂದೆತಾಯಿಯರನ್ನು ಕೇಳಬೇಡಿರೆಂದು ನಾನು ಹೇಳುತ್ತಿಲ್ಲ. ಕೇಳಿ, ಕಾಯಿರಿ, ಒಲಿಸಿಕೊಳ್ಳಿ. ಆದರೆ ಅದು ಮಕ್ಕಳಿಗೂ ಹೆತ್ತವರಿಗೂ ನಡುವಿನ ಮಾತು. ಗೋಡೆಯ ಮೇಲಿನ ಕಾಗದವನ್ನು ಓದಿ ಹೆಸರು ಬರೆದುಕೊಳ್ಳುವವರಿಗೆ ಅದರಲ್ಲಿ ಪಾಲಿಲ್ಲ.

ಅವಳ 30 ದಿನಗಳು ಮೊನ್ನೆಗೆ ಮುಗಿದವು. ಆಕ್ಷೇಪಣೆ ಯಾವುದೂ ಬಂದಿಲ್ಲವಂತೆ. ಬರುವ ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಕಚೇರಿಗೆ ಹೋಗಬೇಕು. ಗುರುತಿನ ಚೀಟಿಯನ್ನೂ ಭಾವಚಿತ್ರವನ್ನೂ ಈಗಲೇ ತೆಗೆದಿಟ್ಟಿದ್ದೇನೆ. ಮಕ್ಕಳಿಬ್ಬರಿಗೂ ಶುಭವಾಗಲಿ.