ಪಾಕಗ್ರಂಥಗಳೂ ಮಲಪ್ರಭೆಯ ಮೀನೂ

ನಾಡಿನ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಅರಸರ ವಂಶಾವಳಿ, ಯುದ್ಧ, ದಾನಶಾಸನ, ದೇವಾಲಯ ಇವುಗಳ ಕಡೆಗೇ ಲಕ್ಷ್ಯವಿಡುವರು. ಆ ಅರಸರೂ ಅವರ ಪ್ರಜೆಗಳೂ ದಿನಕ್ಕೆರಡು ಸಲ ಕುಳಿತು ಏನನ್ನು ಉಂಡರು, ಅದನ್ನು ಹೇಗೆ ಬೇಯಿಸಿದರು ಎಂಬದರ ವಿಚಾರವು ಅಪರೂಪ. ಹೀಗಾಗಿ ಆಹಾರದ ವಿಷಯದಲ್ಲಿ ನಮ್ಮಲ್ಲಿ ಅನೇಕ ನಂಬಿಕೆಗಳು ಪರೀಕ್ಷೆಯಿಲ್ಲದೆ ಉಳಿದುಬಂದಿವೆ. ಅವುಗಳಲ್ಲಿ ಒಂದನ್ನು ಈ ಲೇಖನದಲ್ಲಿ ಪರೀಕ್ಷಿಸಬೇಕೆಂದಿರುವೆನು.

ರೋಣ, ನರಗುಂದ, ಗಜೇಂದ್ರಗಡಗಳ ಸೀಮೆಯೆಂದೊಡನೆ ನಮ್ಮ ಮನಸ್ಸಿಗೆ ಹೊಳೆಯುವದು ಎರೆಯ ಹೊಲ, ಬಿಳಿಜೋಳ, ಹತ್ತಿ, ಕುಸುಬಿ, ಕಡಲೆ. ಮೀನು ಯಾರಿಗೂ ನೆನಪಾಗುವದಿಲ್ಲ. ಅದು ಕಾರವಾರ, ಮಂಗಳೂರುಗಳ ಕಡೆಯ ಊಟ, ನಮ್ಮ ಬಯಲುಸೀಮೆಗೆ ಸಂಬಂಧವಿಲ್ಲದ್ದು ಎಂಬ ಭಾವನೆಯು ಓದುಬರಹ ಬಲ್ಲ ಮನೆತನಗಳಲ್ಲಿ ಬಲವಾಗಿದೆ. ಆದರೆ ಮಲಪ್ರಭೆಯು ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿ, ನರಗುಂದ ತಾಲೂಕಿನ ಕೊಣ್ಣೂರನ್ನೂ ರೋಣ ತಾಲೂಕಿನ ಹೊಳೆಆಲೂರನ್ನೂ ಹಾಯ್ದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವದು. ಬೆಣ್ಣೆಹಳ್ಳವು ಈ ಸೀಮೆಯಲ್ಲಿಯೇ ಅದರೊಡನೆ ಕೂಡುವದು. ಹೊಳೆಯಿದ್ದಲ್ಲಿ ಮೀನು ಇರದೆ ಇರದು. ಮೀನಿದ್ದಲ್ಲಿ ಅದನ್ನು ಹಿಡಿಯುವವನೂ ಬೇಯಿಸುವವಳೂ ಇರದೆ ಇರರು. ಹಾಗಾದರೆ ಈ ಮೀನು ನಮ್ಮ ನೆನಪಿನಿಂದ ಜಾರಿದ್ದು ಹೇಗೆ?

ಮೊದಲು ಗ್ರಂಥಗಳ ಸಾಕ್ಷ್ಯವನ್ನು ನೋಡುವ. ಕನ್ನಡದಲ್ಲಿ ಅಡಿಗೆಯ ವಿಷಯವನ್ನು ಹೇಳುವ ಹಳೆಯ ಕೃತಿಗಳಲ್ಲಿ ಎರಡು ಮುಖ್ಯವಾದವು. ಮೊದಲನೆಯದು ಚಾಲುಕ್ಯ ಜಯಸಿಂಹನ ಆಳಿಕೆಯಲ್ಲಿ, ಸುಮಾರು ಕ್ರಿ.ಶ. ೧೦೨೫ರಲ್ಲಿ, ಎರಡನೆಯ ಚಾವುಂಡರಾಯನು ರಚಿಸಿದ ಲೋಕೋಪಕಾರ. ಜ್ಯೋತಿಷ, ವಾಸ್ತು, ವೃಕ್ಷಾಯುರ್ವೇದ, ವೈದ್ಯ ಮುಂತಾದ ಲೋಕವ್ಯವಹಾರದ ಶಾಸ್ತ್ರಗಳ ಜೊತೆಗೆ ಪಾಕವೂ ಅದರಲ್ಲಿ ಬಂದಿದೆ. ಎರಡನೆಯದು ಹದಿನಾರನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸನು ಷಟ್ಪದಿಯಲ್ಲಿ ಬರೆದ ಸೂಪಶಾಸ್ತ್ರ. ಭಕ್ಷ್ಯ, ಪಾನಕ, ಅನ್ನ, ಬದನೆ, ಹಲಸು, ಬಾಳೆ ಇವುಗಳ ಪಾಕವನ್ನು ಬಾಯಲ್ಲಿ ನೀರೂರುವಂತೆ ವರ್ಣಿಸುವ ಈ ಕವಿಯು ಜೈನನು. ಎರಡೂ ಗ್ರಂಥಗಳ ಅಡಿಗೆಮನೆಯಲ್ಲಿ ಮೀನಿಗೆ ಸ್ಥಾನವಿಲ್ಲ. ಅಹಿಂಸೆಯನ್ನೇ ಪರಮಧರ್ಮವೆಂದು ನಂಬಿದವರು ತಮ್ಮ ಗ್ರಂಥದಲ್ಲಿ ಅದನ್ನು ಬರೆಯದಿದ್ದದ್ದು ಸಹಜವೇ ಸರಿ. ಅದಕ್ಕಾಗಿ ಅವರನ್ನು ಯಾರೂ ದೂಷಿಸಲಾರರು.

ಆದರೆ ಲೋಕೋಪಕಾರವು ಹುಟ್ಟಿ ಸುಮಾರು ನೂರು ವರುಷಗಳಾದ ಮೇಲೆ, ಅದೇ ಚಾಲುಕ್ಯ ವಂಶದ ಅರಸನೊಬ್ಬನು ಬರೆದ ಸಂಸ್ಕೃತ ಗ್ರಂಥವು ಬೇರೆಯೇ ಕಥೆಯನ್ನು ಹೇಳುವದು. ಆರನೆಯ ವಿಕ್ರಮಾದಿತ್ಯನ ಮಗನಾದ ಮೂರನೆಯ ಸೋಮೇಶ್ವರನು, ಭೂಲೋಕಮಲ್ಲನೆಂಬ ಬಿರುದುಳ್ಳವನು, ಕಲ್ಯಾಣದಿಂದ ಕ್ರಿ.ಶ. ೧೧೩೮ರ ವರೆಗೆ ಆಳಿದನು. ಅವನ ಮಾನಸೋಲ್ಲಾಸವು, ಅಂದರೆ ಅಭಿಲಷಿತಾರ್ಥಚಿಂತಾಮಣಿಯು, ೧೧೨೯ರ ಸುಮಾರಿಗೆ ರಚಿತವಾಯಿತು. ಇಪ್ಪತ್ತು ಇಪ್ಪತ್ತು ಅಧ್ಯಾಯಗಳ ಐದು ವಿಂಶತಿಗಳು, ಒಟ್ಟು ನೂರು ಅಧ್ಯಾಯಗಳು. ರಾಜ್ಯವನ್ನು ಗಳಿಸುವದು, ಉಳಿಸುವದು, ಭೋಗಿಸುವದು, ವಿನೋದಿಸುವದು, ಕ್ರೀಡಿಸುವದು ಎಲ್ಲವೂ ಅಲ್ಲಿವೆ. ಬಡೋದೆಯ ಗಾಯಕವಾಡ ಪ್ರಾಚ್ಯಮಾಲೆಯಲ್ಲಿ ಇದರ ಮೊದಲನೆಯ ಸಂಪುಟವು ೧೯೨೫ರಲ್ಲಿಯೂ ಎರಡನೆಯದು ೧೯೩೯ರಲ್ಲಿಯೂ ಅಚ್ಚಾದವು. ಮೈಸೂರಿನಲ್ಲಿ ಶಾಮಶಾಸ್ತ್ರಿಗಳು ೧೯೨೬ರಲ್ಲಿ ಇದರ ಒಂದು ಭಾಗವನ್ನು ಪ್ರಕಟಿಸಿದರು.

ಈ ಗ್ರಂಥದ ಮತ್ಸ್ಯವಿನೋದವೆಂಬ ಅಧ್ಯಾಯದಲ್ಲಿ ಸುಮಾರು ಮೂವತ್ತೈದು ಜಾತಿಯ ಮೀನುಗಳ ಹೆಸರುಗಳಿವೆ. ಕಡಲಿನವು, ಹೊಳೆಯವು, ಹುರುಪೆಯುಳ್ಳವು, ಹುರುಪೆಯಿಲ್ಲದವು, ದೊಡ್ಡವು, ನಡುತರದವು, ಸಣ್ಣವು ಎಂದು ಅವುಗಳನ್ನು ವಿಂಗಡಿಸಿದೆ. ಗಾಳದ ಕೋಲು, ದಾರ, ಮೀನಿಗೆ ಹಾಕುವ ತೀನಿ ಇವುಗಳ ವಿವರವೂ ಉಂಟು. ಪ್ರಾಣಿಶಾಸ್ತ್ರಜ್ಞರಾದ ಸುಂದರಲಾಲ ಹೋರಾ ಅವರು ೧೯೫೧ರಲ್ಲಿ ಈ ಅಧ್ಯಾಯವನ್ನು ಕುರಿತು ಬರೆದು ಅದರ ಬೆಲೆಯನ್ನು ವಿದ್ವಾಂಸರಿಗೆ ತೋರಿಸಿಕೊಟ್ಟರು. ಅನ್ನಭೋಗವೆಂಬ ಇನ್ನೊಂದು ಅಧ್ಯಾಯದಲ್ಲಿ ಇದೇ ಮೀನು ಅಡಿಗೆಮನೆಗೆ ಬರುವದು. ತೊಳೆದು ಕತ್ತರಿಸಿದ ತುಂಡುಗಳನ್ನು ಹುಣಸೆಯ ರಸದಲ್ಲಿ ಬೇಯಿಸುವದು, ಆ ಮೇಲೆ ಗೋಧಿಯ ಹಿಟ್ಟನ್ನು ಉದುರಿಸಿ ಕಾದ ಎಣ್ಣೆಯಲ್ಲಿ ಕೆಂಪಗೆ ಕರಿಯುವದು, ಕೊನೆಗೆ ಸೈಂಧವಲವಣ, ಏಲಕ್ಕಿ, ಮೆಣಸುಗಳ ಪುಡಿಯನ್ನು ಹಾಕುವದು. ಇದು ಅರಸನ ಹರಿವಾಣದ ಊಟ. ಆದರೂ ಅದರ ಬುಡವಾದ ಹುಣಸೆನೀರಿನ ಬೇಯಿಸುವಿಕೆಯಲ್ಲಿ ಅರಸುತನದ ಆಡಂಬರವೇನೂ ಇಲ್ಲ. ಯಾವ ಬಡವಿಯೂ ತನ್ನ ಗಡಿಗೆಯಲ್ಲಿ ಮಾಡಬಹುದಾದದ್ದು ಅದು.

ಈ ಅರಸನಿಗೂ ನಮ್ಮ ಸೀಮೆಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಗಜೇಂದ್ರಗಡದಿಂದ ಬಹುದೂರವಿಲ್ಲದ ಸೂಡಿಯು ಆ ಕಾಲದಲ್ಲಿ ಕಿಸುಕಾಡು ಎಪ್ಪತ್ತರ ರಾಜಧಾನಿಯಾಗಿತ್ತು. ಜಯಸಿಂಹನ ಅಕ್ಕನಾದ ಅಕ್ಕಾದೇವಿಯು ಈ ನಾಡನ್ನು ಆಳಿದ್ದು ಅಲ್ಲಿಯ ಶಾಸನಗಳಿಂದ ತಿಳಿದುಬರುವದು. ದಂಡನಾಯಕ ನಾಗದೇವನು ಹನ್ನೊಂದನೆಯ ಶತಮಾನದ ನಡುವೆ ಅಲ್ಲಿ ಕಟ್ಟಿಸಿದ ಗುಡಿಯೂ, ಕಲ್ಲಿನ ಕುಸುರಿನಿಂದ ಕೂಡಿದ ನಾಗಕುಂಡವೂ ಇಂದಿಗೂ ನಿಂತಿವೆ. ಅಂದರೆ ಮಾನಸೋಲ್ಲಾಸವು ಯಾವದೋ ಪರನಾಡಿನ ಪುಸ್ತಕವಲ್ಲ. ನಮ್ಮ ನಾಡನ್ನು ಆಳಿದ ಮನೆತನದ ಪುಸ್ತಕ. ಇದಕ್ಕಿಂತ ಐದು ನೂರು ವರುಷ ಹಿಂದಿನ ಬಾದಾಮಿಯ ಎರಡನೆಯ ಗುಹೆಯ ಮೇಲ್ಛಾವಣಿಯಲ್ಲಿ ಮೀನುಗಳನ್ನೇ ಅರೆಗಳನ್ನಾಗಿ ಜೋಡಿಸಿದ ಚಕ್ರವನ್ನು ಕೊರೆದಿದ್ದಾರೆ. ಕಲ್ಲಿನ ಮೀನು ಅಡಿಗೆಗೆ ಸಾಕ್ಷಿಯಾಗದು ನಿಜ. ಆದರೆ ಕೊರೆದ ಕೈಗೆ ಮೀನಿನ ಮೈಯ ಬಳುಕು ಗೊತ್ತಿತ್ತೆಂಬದಕ್ಕೆ ಅದು ಸಾಕ್ಷಿಯಾದೀತು.

ಇನ್ನು ಹೊಳೆಯ ದಂಡೆಯ ಜನರ ಮಾತು. ಅಂಬಿಗರು, ಕಬ್ಬಲಿಗರು, ಬೆಸ್ತರು ಎಂದು ಬೇರೆಬೇರೆ ಕಡೆಗೆ ಬೇರೆಬೇರೆ ಹೆಸರುಗಳಿಂದ ಕರೆಯಲ್ಪಡುವ ಗಂಗಾಮತಸ್ಥರು ದೋಣಿ ನಡಿಸಿಯೂ ಬಲೆ ಬೀಸಿಯೂ ಬಾಳಿದವರು. ಹನ್ನೆರಡನೆಯ ಶತಮಾನದಲ್ಲಿ ಅವರೊಳಗಿಂದ ಅಂಬಿಗರ ಚೌಡಯ್ಯನಂಥ ನಿಷ್ಠುರವಾದಿ ಶರಣನು ಎದ್ದು ಬಂದನು. ಅವರ ಮನೆಗಳಲ್ಲಿ ಬಾಳೆಮೀನು, ಕೊರವ ಮುಂತಾದ ಹೊಳೆಮೀನುಗಳು ಅರಿಶಿಣ ಉಪ್ಪುಗಳಿಂದ ತಿಕ್ಕಿಸಿಕೊಂಡು, ಹುಣಸೆನೀರಿನಲ್ಲಿ ಬೆಂದು, ಜೋಳದ ರೊಟ್ಟಿಯ ಜೊತೆಗೆ ತಾಟಿಗೆ ಬರುವವು. ಈ ಪಾಕಕ್ಕೆ ಪುಸ್ತಕವಿಲ್ಲ. ತಾಯಿ ಮಗಳಿಗೆ, ಅತ್ತೆ ಸೊಸೆಗೆ ಕೈಯಿಂದ ಕೈಗೆ ದಾಟಿಸಿದ್ದೇ ಅದರ ಶಾಸ್ತ್ರ. ಆದರೆ ಅದರ ಬುಡದಲ್ಲಿರುವ ಹುಣಸೆಯು ಕಲ್ಯಾಣದ ಅರಮನೆಯ ಪಾಕದ ಬುಡದಲ್ಲಿದ್ದ ಹುಣಸೆಯೇ.

ನಡುವೆ ಒಂದು ಬದಲಾವಣೆಯಾಗಿದೆ. ಇಂದು ಈ ಸಾರು ಕೆಂಪಗಿರುವದು. ಮೆಣಸಿನಕಾಯಿಯು ಅಮೇರಿಕಾ ಖಂಡದ ಬೆಳೆ. ಪೋರ್ತುಗೀಜರು ೧೫೧೦ರಲ್ಲಿ ಗೋವೆಯಲ್ಲಿ ನೆಲೆಯೂರಿದ ತರುವಾಯದ ಕಾಲದಲ್ಲಿ ಅದು ನಮ್ಮಲ್ಲಿ ಹಬ್ಬಿತು. ಸೋಮೇಶ್ವರನ ಬಾಣಸಿಗನಿಗೆ ಗೊತ್ತಿದ್ದದ್ದು ಕರಿಯ ಮೆಣಸು ಮಾತ್ರ. ಹೊಸದಾಗಿ ಬಂದ ಕಾಯಿಗೆ ನಮ್ಮವರು ಹಳೆಯ ಮೆಣಸಿನ ಹೆಸರನ್ನೇ ಕೊಟ್ಟು ಮನೆಯವಳನ್ನಾಗಿ ಮಾಡಿಕೊಂಡರು. ಬ್ಯಾಡಗಿಯ ಮೆಣಸಿನಕಾಯಿಯಿಲ್ಲದೆ ಇಂದು ನಮ್ಮ ಅಡಿಗೆಯನ್ನು ಊಹಿಸಲಾರೆವು. ಆದ್ದರಿಂದ ಚಾಲುಕ್ಯರ ಕಾಲದ ಮೀನಿನ ರುಚಿಯನ್ನು ತಿಳಿಯಬೇಕೆನ್ನುವವರು ಮೊದಲು ಕಾರದ ಡಬ್ಬಿಯನ್ನು ಮುಚ್ಚಿಡಬೇಕು.

ಕಾರವಿಲ್ಲದೆ, ಮಸಾಲೆಯ ಭಾರವಿಲ್ಲದೆ ಬೇಯಿಸಿದ ಮೀನು ರುಚಿಸುವದೇ ಎಂಬ ಸಂಶಯಕ್ಕೆ ಜಪಾನ ದೇಶವು ಉತ್ತರ ಕೊಡುವದು. ಅಲ್ಲಿಯ ಮನೆಮನೆಯ ಊಟದಲ್ಲಿ ನಿತ್ಸುಕೆ ಎಂಬದೊಂದು ಪಾಕವುಂಟು. ಮೀನಿನ ಮೇಲೆ ಬಿಸಿನೀರನ್ನು ಹೊಯ್ದು, ತಣ್ಣೀರಿನಲ್ಲಿ ತೊಳೆದು, ಅದರ ನಾತವನ್ನು ಮೊದಲು ತೆಗೆಯುವರು. ಅಗಲವಾದ ಪಾತ್ರೆಯಲ್ಲಿ ನೀರು, ಅಕ್ಕಿಯ ಮದ್ಯ, ಸೋಯಾ ಅವರೆಯ ಹುದುಗಿಸಿದ ರಸ, ಸ್ವಲ್ಪ ಸಿಹಿ, ಶುಂಠಿಯ ಬಿಲ್ಲೆ ಇವುಗಳನ್ನು ಕುದಿಸಿ, ತುಂಡುಗಳನ್ನು ಒಂದರ ಮೇಲೊಂದು ಬೀಳದಂತೆ ತೊಗಲಿನ ಮಗ್ಗಲು ಮೇಲಾಗಿ ಇಡುವರು. ಪಾತ್ರೆಯ ಬಾಯಿಗಿಂತ ಸಣ್ಣದಾದ ಮುಚ್ಚಳವನ್ನು ನೇರವಾಗಿ ಮೀನಿನ ಮೇಲೆಯೇ ಇಳಿಸುವರು. ಅದರಿಂದ ಕೊಂಚ ರಸವೇ ಎಲ್ಲ ಕಡೆಗೂ ಉಕ್ಕಿ ಹರಿಯುವದು. ಸವುಟು ಹಾಕಿ ತಿರುವುವದಿಲ್ಲ. ಹತ್ತು ಹನ್ನೆರಡು ನಿಮಿಷಗಳಲ್ಲಿ ಪಾಕವು ಮುಗಿಯುವದು.

ನಮ್ಮ ಸೀಮೆಗೆ ಇನ್ನೂ ಹತ್ತಿರದ ಉದಾಹರಣೆಗಳು ಅಲ್ಲಿವೆ. ಇವಾಶಿ ಎಂಬ ಸಣ್ಣ ಕಡಲಮೀನನ್ನು ಉಪ್ಪಿನಲ್ಲಿ ಹಾಕಿದ ಹುಳಿಯ ಉಮೆಕಾಯಿಯ ಜೊತೆಗೆ ಬೇಯಿಸುವರು. ಅವರ ಉಮೆಯ ಕೆಲಸವನ್ನು ನಮ್ಮಲ್ಲಿ ಹುಣಸೆಯು ಮಾಡುವದು. ಕಡಲಿನಿಂದ ದೂರವಾದ ನಾಗಾನೊ ಪ್ರಾಂತದ ಸಾಕು ಎಂಬಲ್ಲಿ ಸಿಹಿನೀರಿನ ಗೆಂಡೆಮೀನನ್ನು ಸೋಯಾರಸ ಸಕ್ಕರೆಗಳಲ್ಲಿ ಬೇಯಿಸುವ ಪದ್ಧತಿಯು ಹೆಸರಾದದ್ದು. ಸಿಹಿನೀರಿನ ಮೀನಿಗೆ ಕೆಸರಿನ ವಾಸನೆಯು ಅಂಟಿರುವದುಂಟು; ಹುಳಿಯು ಆ ವಾಸನೆಯನ್ನು ಮುರಿಯುವದೆಂದು ಈಗಿನ ರಸಾಯನಶಾಸ್ತ್ರವು ಒಪ್ಪುವದು. ಮಲಪ್ರಭೆಯ ದಂಡೆಯ ಅಜ್ಜಿಯೂ ಜಪಾನದ ಗೃಹಿಣಿಯೂ ಒಬ್ಬರನ್ನೊಬ್ಬರು ಕಾಣದೆಯೇ ಒಂದೇ ಹಾದಿಯನ್ನು ಹಿಡಿದರು.

ಆದರೆ ಎರಡು ನಾಡುಗಳ ನಡುವೆ ಒಂದು ದೊಡ್ಡ ಭೇದವುಂಟು. ಬೌದ್ಧಧರ್ಮದ ಪ್ರಭಾವದಿಂದ ಅಲ್ಲಿಯ ತೆಮ್ಮು ಚಕ್ರವರ್ತಿಯು ಕ್ರಿ.ಶ. ೬೭೫ರಲ್ಲಿ ದನ, ಕುದುರೆ, ನಾಯಿ, ಮಂಗ, ಕೋಳಿ ಇವುಗಳ ಮಾಂಸವನ್ನು ವರ್ಷದ ಕೆಲವು ತಿಂಗಳುಗಳಲ್ಲಿ ನಿಷೇಧಿಸಿದನು, ಮೀನನ್ನು ಹೊರಗಿಟ್ಟನು. ಹೀಗೆ ಮೀನು ಮಾನದ ಊಟವಾಗಿ ಉಳಿಯಿತು. ೧೬೪೩ರಲ್ಲಿ ಅಲ್ಲಿ ಅಚ್ಚಾದ ರ್ಯೋರಿ ಮೊನೊಗತಾರಿ ಎಂಬ ಪಾಕಗ್ರಂಥವು ಕಡಲಮೀನಿನ ಪ್ರಕರಣದಿಂದಲೇ ಆರಂಭವಾಗುವದು. ನಮ್ಮಲ್ಲಿ ಲೇಖಣಿಯನ್ನು ಹಿಡಿದವರು ಮೀನನ್ನು ಬಿಟ್ಟರು; ಮೀನನ್ನು ಹಿಡಿದವರಿಗೆ ಲೇಖಣಿಯು ಸಿಕ್ಕಲಿಲ್ಲ. ಬರೆಯದೆ ಉಳಿದದ್ದನ್ನು ಇಲ್ಲವೇ ಇಲ್ಲವೆಂದು ಆಮೇಲಿನವರು ತಿಳಿದರು. ನಾನು ಮೊದಲು ಹೇಳಿದ ನಂಬಿಕೆಯ ಮೂಲವು ಇಷ್ಟೇ. ಪಾಕಗ್ರಂಥವು ನಾಡಿನ ಊಟದ ಲೆಕ್ಕಪತ್ರವಲ್ಲ. ಬರೆದವನ ಮನೆಯ ಊಟದ ಲೆಕ್ಕಪತ್ರ.

ಈ ಮಾತನ್ನು ಈಗ ಎತ್ತಲು ಕಾರಣವುಂಟು. ಸವದತ್ತಿ ತಾಲೂಕಿನ ನವಿಲುತೀರ್ಥದಲ್ಲಿ ೧೯೭೦ರ ದಶಕದಲ್ಲಿ ಮಲಪ್ರಭೆಗೆ ಅಣೆಕಟ್ಟು ಬಂದ ಮೇಲೆ ಹೊಳೆಯ ಹರಿವಿನ ಕ್ರಮವು ಬದಲಾಯಿತು. ಹೊಲಗಳಿಗೆ ಕಾಲಿವೆಯ ನೀರು ಬಂದಿತು. ಕೆಳಗಿನ ಪಾತ್ರದಲ್ಲಿ ಬೇಸಿಗೆಯ ಮಡುಗಳು ಮೊದಲಿನಂತೆ ಉಳಿಯಲಿಲ್ಲ. ಗಂಗೆಯ ಸೀಮೆಯಿಂದ ತಂದ ಕಾಟ್ಲಾ, ರೋಹು ಮೀನುಗಳ ಮರಿಗಳನ್ನು ಜಲಾಶಯಗಳಲ್ಲಿಯೂ ಕೆರೆಗಳಲ್ಲಿಯೂ ಬಿಡುವ ರೂಢಿಯಾಯಿತು. ಕರಾವಳಿಯ ಮೀನು ಮಂಜುಗಡ್ಡೆಯಲ್ಲಿ ಕುಳಿತು ಪೇಟೆಗೆ ಬರುವದು. ದೋಣಿಯ ಕಾಯಕವನ್ನು ಸೇತುವೆಗಳು ಕಸಿದವು. ಹೊಳೆಯ ಮೀನು, ಅದರ ಹೆಸರು, ಅದು ಯಾವ ಮಡುವಿನಲ್ಲಿ ಯಾವ ಮಳೆಗೆ ಏರುವದೆಂಬ ತಿಳಿವಳಿಕೆ, ಯಾವುದಕ್ಕೆ ಎಷ್ಟು ಹುಳಿ ಎಂಬ ಕೈಯಳತೆ ಇವೆಲ್ಲವೂ ಹಿರಿಯ ಹೆಂಗಸರ, ಹಿರಿಯ ಬಲೆಗಾರರ ಜೊತೆಗೆ ಒಂದೊಂದಾಗಿ ಮುಳುಗುತ್ತಲಿವೆ.

ಮೀನನ್ನು ಉಣ್ಣದವರು ಉಣ್ಣಬೇಕೆಂದು ನಾನು ಹೇಳುವದಿಲ್ಲ. ಬಿಡುವದು ಒಂದು ವ್ರತ, ಅದಕ್ಕೆ ಗೌರವವಿರಲಿ. ಆದರೆ ಬಿಟ್ಟವರು ತಮ್ಮ ನೆರೆಯವರ ಅಡಿಗೆಯನ್ನು ನಾಡಿನ ಚರಿತ್ರೆಯಿಂದ ಹೊರಗೆ ಹಾಕುವದು ವ್ರತವಲ್ಲ, ಮರೆವು. ಉಣ್ಣುವ ಮನೆಗಳಲ್ಲಿಯಾದರೂ ಒಂದು ದಿನ ಈ ಪ್ರಯೋಗವಾಗಲಿ. ಮೀನನ್ನು ಉಪ್ಪು ಅರಿಶಿಣಗಳಿಂದ ತಿಕ್ಕಿ ತೊಳೆಯಿರಿ; ಅಗಲವಾದ ಪಾತ್ರೆಯಲ್ಲಿ ತಿಳಿಯಾದ ಹುಣಸೆನೀರು, ಉಪ್ಪು, ಜಜ್ಜಿದ ಕರಿಯ ಮೆಣಸು, ಶುಂಠಿ ಇವುಗಳನ್ನು ಕುದಿಸಿ ತುಂಡುಗಳನ್ನು ಒಂದೇ ಪದರಾಗಿ ಇಡಿರಿ; ಸಣ್ಣ ಮುಚ್ಚಳವನ್ನು ಮೇಲಿಳಿಸಿ, ತಿರುವದೆ, ಹತ್ತು ನಿಮಿಷ ಬೇಯಲು ಬಿಡಿರಿ. ಹುಣಸೆಯೂ ಮೆಣಸೂ ಕಲ್ಯಾಣದವು, ತಿಕ್ಕುವ ಕೈ ಮಲಪ್ರಭೆಯದು, ಮುಚ್ಚಳ ಮಾತ್ರ ಜಪಾನದ್ದು.

ಅದಕ್ಕಿಂತ ಮುಖ್ಯವಾದ ಕೆಲಸವೊಂದಿದೆ. ಹೊಳೆಆಲೂರು, ಕೊಣ್ಣೂರು ಮುಂತಾದ ದಂಡೆಯ ಊರುಗಳಲ್ಲಿ ನಮ್ಮ ತರುಣ ಮಿತ್ರರು ಶಾಸನಗಳನ್ನು ಹುಡುಕುವಷ್ಟೇ ಶ್ರದ್ಧೆಯಿಂದ ಅಂಬಿಗರ ಮನೆಗಳ ಅಂಗಳದಲ್ಲಿ ಕುಳಿತು, ಅಲ್ಲಿಯ ಅಜ್ಜಿಯಂದಿರ ಬಾಯಿಂದ ಮೀನುಗಳ ಹೆಸರನ್ನೂ ಪಾಕವನ್ನೂ ಕೇಳಿ ಬರೆದುಕೊಳ್ಳಲಿ. ಸೂಡಿಯ ಕಲ್ಲು ಇನ್ನೂ ಸಾವಿರ ವರುಷ ಕಾದೀತು. ಆ ಅಜ್ಜಿಯಂದಿರು ಅಷ್ಟು ಕಾಲ ಕಾಯಲಾರರು.