ಹತ್ತು ಹನ್ನೆರಡು ಮಂದಿಯ ದಾಕ್ಷಿಣ್ಯ

ಕಳೆದ ಮಳೆಗಾಲದಲ್ಲಿ ನಮ್ಮ ಪುಣೆ ಆಫೀಸಿಗೆ ಕೊಪ್ಪಳದ ಕಡೆಯ ಹುಡುಗನೊಬ್ಬ ಹೊಸದಾಗಿ ಸೇರಿದ. ಎರಡನೇ ದಿನವೇ ಲ್ಯಾಪ್‌ಟಾಪ್ ಹಿಡಿದು ನನ್ನ ಹತ್ತಿರ ಬಂದು, "ಸರ, ಪುಸ್ತಕದಾಗ ಇದ್ದಂಗ ಬರದೀನ್ರಿ, ಆದ್ರೂ ಓಡವಲ್ದ್ರಿ" ಎಂದ. ಪರದೆಯ ಮೇಲೆ 'ಮಿಸ್ಸಿಂಗ್ ಸೆಪರೇಟರ್' ಎಂಬ ದೂರು. ಮೂರು ಗಂಟೆಯಿಂದ ಅದರ ಮುಂದೆಯೇ ಕೂತಿದ್ದನಂತೆ. ನಾನು ಒಂದು ಸಾಲಿನ ಮೊದಲಿದ್ದ ಖಾಲಿ ಜಾಗವನ್ನು ಅಳಿಸಿ, ಟ್ಯಾಬ್ ಕೀ ಒತ್ತಿದೆ. ಓಡಿತು. ಅವನ ಮುಖದಲ್ಲಿ ಸಂತೋಷಕ್ಕಿಂತ ನಾಚಿಕೆಯೇ ಹೆಚ್ಚು ಕಂಡಿತು. ತಪ್ಪು ಅವನದಲ್ಲ, 1976ರದು ಎಂದು ವಿವರಿಸಲು ಎರಡು ಕಟಿಂಗ್ ಚಹಾ ಬೇಕಾಯಿತು.

ಆ ಕಾಲಕ್ಕೆ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಯುನಿಕ್ಸ್ ಬೆಳೆಯುತ್ತಿತ್ತು. ಒಂದು ಪ್ರೋಗ್ರಾಂ ಎಂದರೆ ಹಲವು ಫೈಲ್‌ಗಳು. ಪ್ರತಿಯೊಂದನ್ನೂ ಕಂಪೈಲ್ ಮಾಡಿ, ಕೊನೆಗೆ ಎಲ್ಲವನ್ನೂ ಜೋಡಿಸಬೇಕು. ಒಂದು ಫೈಲ್ ತಿದ್ದಿದರೆ ಯಾವುದನ್ನೆಲ್ಲ ಮತ್ತೆ ಕಂಪೈಲ್ ಮಾಡಬೇಕು ಎಂಬುದನ್ನು ಪ್ರೋಗ್ರಾಮರ್ ತಾನೇ ನೆನಪಿಡಬೇಕಿತ್ತು. ಒಂದು ದಿನ ಸ್ಟೀವ್ ಜಾನ್ಸನ್ (ಯಾಕ್ ಎಂಬ ಪ್ರಸಿದ್ಧ ಸಾಧನದ ಕರ್ತೃ) ಸಹೋದ್ಯೋಗಿ ಸ್ಟುವರ್ಟ್ ಫೆಲ್ಡ್‌ಮನ್ ಕೋಣೆಗೆ ಬೈದುಕೊಳ್ಳುತ್ತಾ ಬಂದರು. ದೋಷವನ್ನು ಆಗಲೇ ಸರಿಪಡಿಸಿದ್ದರು. ಆದರೆ ಆ ಫೈಲನ್ನು ಮತ್ತೆ ಕಂಪೈಲ್ ಮಾಡಲು ಮರೆತಿದ್ದರು. ಹಳೆಯ ತುಣುಕೇ ಜೋಡಣೆಯಾಗಿ, ಸರಿಯಾಗಿದ್ದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುತ್ತಾ ಬೆಳಗೆಲ್ಲ ಹಾಳಾಗಿತ್ತು. ಹಿಂದಿನ ಸಂಜೆ ಫೆಲ್ಡ್‌ಮನ್‌ಗೂ ಅಂಥದೇ ಅನುಭವವಾಗಿತ್ತು. ಆ ವಾರಾಂತ್ಯದಲ್ಲಿ ಅವರು ಬರೆದದ್ದೇ 'ಮೇಕ್'.

ಅದರ ತತ್ವ ನಮ್ಮ ಅಡುಗೆಮನೆಯದೇ. ಸಾರಿಗೆ ಬೆಂದ ಬೇಳೆ ಬೇಕು, ಸಾರಿನ ಪುಡಿ ಬೇಕು. ಪುಡಿ ಬದಲಾಯಿಸಿದರೆ ಸಾರು ಮತ್ತೆ ಮಾಡಬೇಕು, ಬೇಳೆ ಮತ್ತೆ ಬೇಯಿಸಬೇಕಿಲ್ಲ. ಏನಾಗಬೇಕು, ಅದಕ್ಕೆ ಏನು ಬೇಕು, ಹೇಗೆ ಮಾಡಬೇಕು ಎಂಬ ಮೂರು ಸಂಗತಿಗಳನ್ನು 'ಮೇಕ್‌ಫೈಲ್'ನಲ್ಲಿ ಬರೆದಿಟ್ಟರೆ ಸಾಕು. ಮೇಕ್ ಫೈಲ್‌ಗಳ ಸಮಯವನ್ನು ಹೋಲಿಸಿ ನೋಡುತ್ತದೆ. ಹಳತಾದುದನ್ನು ಮಾತ್ರ ಮತ್ತೆ ತಯಾರಿಸುತ್ತದೆ.

'ಹೇಗೆ ಮಾಡಬೇಕು' ಎಂಬ ಸಾಲನ್ನು ಗುರುತಿಸಲು ಒಂದು ಚಿಹ್ನೆ ಬೇಕಿತ್ತು. ಫೆಲ್ಡ್‌ಮನ್ ಆಗಷ್ಟೇ ಲೆಕ್ಸ್ ಎಂಬ ಸಾಧನವನ್ನು ಮೊದಲ ಬಾರಿಗೆ ಬಳಸಿ ಸಿಕ್ಕಿಬಿದ್ದಿದ್ದರು. ಸುಲಭದ ದಾರಿಯಾಗಿ 'ಸಾಲಿನ ಮೊದಲು ಟ್ಯಾಬ್' ಎಂದು ಇಟ್ಟರು. ಕೆಲಸ ನಡೆಯಿತು. ಕೆಲವೇ ವಾರಗಳಲ್ಲಿ ಹತ್ತು ಹನ್ನೆರಡು ಜನ ಬಳಸತೊಡಗಿದರು, ಹೆಚ್ಚಿನವರು ಗೆಳೆಯರೇ. ಈಗ ನಿಯಮ ಬದಲಾಯಿಸಿದರೆ ಅವರ ಫೈಲ್‌ಗಳೆಲ್ಲ ಕೆಡುತ್ತವಲ್ಲ ಎಂಬ ದಾಕ್ಷಿಣ್ಯಕ್ಕೆ ಟ್ಯಾಬ್ ಹಾಗೆಯೇ ಉಳಿಯಿತು. ಇದನ್ನು ಮುಂದೆ ವಿಷಾದದಿಂದ ಹೇಳಿಕೊಂಡವರೂ ಫೆಲ್ಡ್‌ಮನ್ನರೇ.

1979ರ ಏಳನೇ ಆವೃತ್ತಿಯ ಯುನಿಕ್ಸ್ ಜೊತೆ ಮೇಕ್ ಎಲ್ಲೆಡೆ ಹೋಯಿತು, ಟ್ಯಾಬ್ ಸಮೇತ. ಮುಂದೆ ರಿಚರ್ಡ್ ಸ್ಟಾಲ್‌ಮನ್ ಮತ್ತು ರೋಲಂಡ್ ಮೆಗ್ರಾ ಬರೆದ ಗ್ನೂ ಮೇಕ್ ಅದನ್ನು ಮುಕ್ತ ತಂತ್ರಾಂಶವಾಗಿಸಿತು. 1991ರಲ್ಲಿ ಆಟೋಕಾನ್ಫ್ ಬಂತು. ನಾನು ಎಂಟೆಕ್ ಓದುವಾಗ ಲಿನಕ್ಸ್‌ನಲ್ಲಿ ಏನನ್ನೇ ಇನ್‌ಸ್ಟಾಲ್ ಮಾಡಬೇಕಾದರೂ ಕಾನ್ಫಿಗರ್, ಮೇಕ್, ಮೇಕ್ ಇನ್‌ಸ್ಟಾಲ್ ಎಂಬ ಮೂರು ಹೆಜ್ಜೆಗಳು ನಮಗೆ ಮಗ್ಗಿಯಂತೆ ಬಾಯಿಪಾಠವಾಗಿದ್ದವು.

ಟ್ಯಾಬ್ ಮೇಲಿನ ಸಿಟ್ಟೂ ಇತಿಹಾಸ ಸೃಷ್ಟಿಸಿತು. ಮುಂದೆ ಟಾಮ್‌ಕ್ಯಾಟ್ ಆದ ಜಾವಾ ತಂತ್ರಾಂಶವನ್ನು ಸಿದ್ಧಪಡಿಸುತ್ತಿದ್ದ ಸನ್ ಕಂಪನಿಯ ಜೇಮ್ಸ್ ಡಂಕನ್ ಡೇವಿಡ್‌ಸನ್, ಎಲ್ಲ ಬಗೆಯ ಕಂಪ್ಯೂಟರುಗಳಲ್ಲೂ ಓಡುವ 'ಆಂಟ್' ಎಂಬ ಸಾಧನ ಬರೆದರು. ಟ್ಯಾಬ್ ಹಿಂದೆ ಕಣ್ಣಿಗೆ ಕಾಣದ ಒಂದು ಖಾಲಿ ಜಾಗ ಅಡಗಿ ಕೂರುವ ಕಾಟ ಅವರನ್ನೂ ಸತಾಯಿಸಿತ್ತು. 2000ದಲ್ಲಿ ಆಂಟ್ ಸ್ವತಂತ್ರವಾಗಿ ಬಿಡುಗಡೆಯಾಯಿತು. ಅದರ ನಂತರ ಮೇವನ್, ಗ್ರೇಡಲ್ ಬಂದವು. ಆದರೂ ಲಿನಕ್ಸ್ ಕರ್ನೆಲ್ ಇಂದಿಗೂ ತಯಾರಾಗುವುದು ಮೇಕ್‌ನಿಂದಲೇ. ಫೆಲ್ಡ್‌ಮನ್‌ಗೆ 2003ರ ಎಸಿಎಂ ಸಾಫ್ಟ್‌ವೇರ್ ಸಿಸ್ಟಮ್ ಪ್ರಶಸ್ತಿ ಬಂದದ್ದೂ ಇದಕ್ಕೇ.

ಇಂದು ಶುರು ಮಾಡುವವರಿಗೆ ಕಷ್ಟವಿಲ್ಲ. ಉಬುಂಟುವಿನಲ್ಲಿ 'ಬಿಲ್ಡ್-ಎಸೆನ್ಶಿಯಲ್' ಎಂಬ ಪ್ಯಾಕೇಜ್ ಹಾಕಿಕೊಂಡರೆ ಮೇಕ್ ಮತ್ತು ಸಿ ಕಂಪೈಲರ್ ಎರಡೂ ಬರುತ್ತವೆ. ಎರಡು ಸಾಲಿನ ಮೇಕ್‌ಫೈಲ್ ಬರೆಯಿರಿ: ಮೊದಲ ಸಾಲಿನಲ್ಲಿ ಆಗಬೇಕಾದುದರ ಹೆಸರು, ಕೋಲನ್, ಬೇಕಾದ ಫೈಲ್‌ಗಳು, ಎರಡನೆಯದರಲ್ಲಿ ಟ್ಯಾಬ್ ಒತ್ತಿ, ಆದೇಶ. ನಿಮ್ಮ ಎಡಿಟರ್ ಟ್ಯಾಬನ್ನು ಸದ್ದಿಲ್ಲದೆ ಖಾಲಿ ಜಾಗಗಳಾಗಿ ಬದಲಿಸುತ್ತಿದೆಯೇ ಎಂದು ಮೊದಲೇ ನೋಡಿಕೊಳ್ಳಿ. ನಮ್ಮ ಹುಡುಗ ಎಡವಿದ್ದು ಅಲ್ಲಿಯೇ. 2010ರ ಗ್ನೂ ಮೇಕ್ 3.82ರಿಂದ ಟ್ಯಾಬ್ ಬದಲಿಗೆ ಬೇರೆ ಚಿಹ್ನೆಯನ್ನು ಆರಿಸಿಕೊಳ್ಳುವ ಅವಕಾಶವಿದೆ. ನಾನು ಕೆಲಸ ಮಾಡಿದ ಪ್ರಾಜೆಕ್ಟುಗಳಲ್ಲಿ ಯಾರೂ ಅದನ್ನು ಬಳಸಿದ್ದು ಕಾಣೆ. 34 ವರ್ಷಗಳಲ್ಲಿ ತಪ್ಪೇ ಸಂಪ್ರದಾಯವಾಗಿತ್ತು.

ಪ್ರಾಜೆಕ್ಟ್ ಮ್ಯಾನೇಜರ್ ಆಗಿ ಇಂಥ ದಾಕ್ಷಿಣ್ಯಕ್ಕೆ ನಾನೂ ಎಷ್ಟೋ ಸಲ ಒಳಗಾಗಿದ್ದೇನೆ. 'ಈಗ ಬದಲಾಯಿಸಿದರೆ ಇರುವ ಬಳಕೆದಾರರಿಗೆ ತೊಂದರೆ' ಎಂದು ಮೀಟಿಂಗ್‌ನಲ್ಲಿ ಮುಂದೂಡಿದ್ದೇನೆ. ಎದುರು ಕೂತ ಹತ್ತು ಮಂದಿಯ ಮುಖ ನಮಗೆ ಕಾಣುತ್ತದೆ. ಮುಂದೆಂದೋ ಕೆಲಸಕ್ಕೆ ಸೇರಿ, ಪರದೆಯ ಮುಂದೆ ಮೂರು ಗಂಟೆ ಕೂತು, ತಾನೇ ದಡ್ಡ ಎಂದುಕೊಳ್ಳುವವನ ಮುಖ ಕಾಣುವುದಿಲ್ಲ.

ಚಹಾ ಮುಗಿಸಿದ ಹುಡುಗ ಕೇಳಿದ: "ಹಂಗಾರ ನಂದೇನೂ ತಪ್ಪಿಲ್ಲೇನ್ರಿ ಸರ?" ಇಲ್ಲಪ್ಪಾ ಎಂದೆ. ಮರುದಿನ ತಂಡದ ಹೊಸಬರ ಕೈಪಿಡಿಯ ಮೊದಲ ಪುಟಕ್ಕೆ ಟ್ಯಾಬ್ ಬಗ್ಗೆ ಒಂದು ಸಾಲು ಸೇರಿತ್ತು. ಸೇರಿಸಿದ್ದು ಅವನೇ.